ಅರವತ್ತು ಸೆಂಟಿಮೀಟರ್

ಹೊಸೂರಿನಿಂದ ತಳಿಗೆ ಹೋಗುವ ದಾರಿಯಲ್ಲಿ
ಮಬ್ಬು ಪ್ಲಾಸ್ಟಿಕ್ಕಿನ ಮನೆಗಳು ಕಾಣುತ್ತವಲ್ಲ,
ನಾಲ್ಕನೆಯದರ ಪಕ್ಕದ ಶೆಡ್ಡು ನಮ್ಮದು.
ನಮ್ಮದು ಅಂದರೆ, ಗ್ರೇಡಿಂಗ್ ಮೇಜು ನಮ್ಮದು.
ಗುಲಾಬಿ ಯಾರದೋ.

ಹಾಲೆಂಡಿನವರು ಬರುತ್ತಾರೆ, ಅಂದರು ಮ್ಯಾನೇಜರು,
ಕೇಳಿದರೆ ನಾಕು ಮಾತಾಡಿ,
ಬಾಯಲ್ಲಿ ಕಡುಬು ತುರುಕಿಕೊಂಡವರ ಹಾಗೆ ನಿಲ್ಲಬೇಡಿ.

ಅಂದಿನಿಂದ ಸಂಜೆ ಐದಕ್ಕೆ ಕ್ಲಾಸು.
ಬಕೆಟ್ಟು ಬೋರಲು ಹಾಕಿದರೆ ಬೆಂಚು,
ರಟ್ಟಿನ ಡಬ್ಬ ಬಿಚ್ಚಿದರೆ ಬೋರ್ಡು,
ಕೋಲ್ಡ್ ರೂಮಿನ ಲೆಕ್ಕ ಬರೆಯುವ ಶಶಿರೇಖಾ ಟೀಚರು.
ಹನ್ನೊಂದು ಹೆಂಗಸರು ಒಟ್ಟಿಗೆ ಗುಡ್ ಮಾರ್ನಿಂಗ್ ಅಂದೆವು.
ಸೂರ್ಯ ಆಗಲೇ ಜವಳಗಿರಿ ಕಾಡಿನ ಕಡೆ ಇಳಿಯುತ್ತಿದ್ದ.

ತೆಲುಗು ನನಗೆ ಯಾರೂ ಕಲಿಸಲಿಲ್ಲ,
ಬೋರ್‌ವೆಲ್ಲಿನ ಹತ್ತಿರ ಕೊಡದ ಸರದಿಗೆ ಜಗಳಾಡಿ ಬಂತು.
ತಮಿಳು ರೇಷನ್ ಅಂಗಡಿಯಲ್ಲಿ ಬಂತು, ಉಳಿದದ್ದು
ಜ್ವರದ ಕೂಸನ್ನೆತ್ತಿಕೊಂಡು ಆಸ್ಪತ್ರೆ ಚೀಟಿಯ ಸಾಲಿನಲ್ಲಿ.
ಎರಡರಲ್ಲೂ ಮೊದಲು ಬೈಗುಳ, ಮರ್ಯಾದೆ ಆಮೇಲೆ.
ಇಂಗ್ಲಿಷು ಮಾತ್ರ ಮರ್ಯಾದೆಯಿಂದಲೇ ಶುರುವಾಯಿತು,
ಅದಕ್ಕೇ ಇರಬೇಕು, ದೂರವೇ ನಿಂತಿತು.

ಪೂರಾ ಬಾರದ ಭಾಷೆಯೇನಲ್ಲ.
ಸ್ಟೆಮ್ ಗೊತ್ತು, ಬಡ್ ಗೊತ್ತು, ಬಂಚ್ ಗೊತ್ತು,
ರಿಜೆಕ್ಟ್ ಚೆನ್ನಾಗಿ ಗೊತ್ತು.
ಕತ್ತು ಬಗ್ಗಿದ ಹೂವಿಗೆ ಬೆಂಟ್ ನೆಕ್ ಅನ್ನುತ್ತಾರೆ,
ಅದು ಡಬ್ಬಕ್ಕಲ್ಲ, ತಿಪ್ಪೆಗೆ.
ಪಿಳ್ಳಕ್ಕ ಕತ್ತಿನ ಹಿಂದೆ ಕೈಯಿಟ್ಟು ಒತ್ತಿಕೊಳ್ಳುತ್ತ
ನಾನೂ ಬೆಂಟ್ ನೆಕ್ಕೇ ಕಣ್ರೇ ಅಂದಾಗ
ಶಶಿರೇಖಾ ನಕ್ಕಳು,
ಬೋರ್ಡಿನಲ್ಲಿ ಬರೆಯಲಿಲ್ಲ.

ಹೌ ಆರ್ ಯೂ? ಐ ಆಮ್ ಫೈನ್.
ನಮಗೆ ಫೈನ್ ಅಂದರೆ
ಗೇಟಿಗೆ ತಡವಾಗಿ ಬಂದರೆ ಮುರಿದುಕೊಳ್ಳುವ ಇಪ್ಪತ್ತು ರೂಪಾಯಿ.
ಅಷ್ಟು ಖುಷಿಯಿಂದ ಯಾಕೆ ಹೇಳಬೇಕೋ ತಿಳಿಯದೆ
ಖುಷಿಯಿಂದಲೇ ಹೇಳಿದೆವು.

ಮನೆಯಲ್ಲಿ ಹುರುಳಿ ಸಾರಿನ ಮುಂದೆ ನಿಂತು
ವೇರ್ ಆರ್ ಯೂ ಫ್ರಮ್ ಅಂತ ಒಪ್ಪಿಸಿದೆ.
ಸಾರು ಉಕ್ಕಿತು.
ಗಂಡ ಟೀವಿಯ ಸದ್ದು ಜಾಸ್ತಿ ಮಾಡಿದ.
ಮಗಳು ತಿದ್ದಿದಳು: ಫ ಅಲ್ಲಮ್ಮ,
ಕೆಳತುಟಿ ಹಲ್ಲಿಗೆ ತಾಗಬೇಕು.

ಬಂದರು. ಇಬ್ಬರು ಗಂಡಸರು, ಒಬ್ಬಳು ಹೆಂಗಸು,
ಅವಳ ತೋಳ ತುಂಬ ರಾಗಿ ಚೆಲ್ಲಿದ ಹಾಗೆ ಮಚ್ಚೆ.
ನನ್ನ ಮೇಜಿನ ಮುಂದೆಯೇ ನಿಂತಳು.
ಗುಡ್ ಮಾರ್ನಿಂಗ್ ಆಯಿತು, ಫೈನ್ ಆಯಿತು,
ಆಮೇಲೆ ಅವಳಾಡಿದ್ದು ಪಾಠದಲ್ಲಿ ಇರಲಿಲ್ಲ.
ಹರಿಯುವ ನೀರಿಗೆ ಕೈಯೊಡ್ಡಿದ ಹಾಗೆ ಒಡ್ಡಿದೆ,
ಸಿಕ್ಕಿದ್ದು ಎರಡೇ ಪದ: ಹೌ ಲಾಂಗ್.

ಅಬ್ಬ, ಗೊತ್ತಿರುವ ಪ್ರಶ್ನೆ!
ದಿನಕ್ಕೆ ಸಾವಿರ ಸಲ ಕಡ್ಡಿ ಕಡ್ಡಿಗೂ ನಾನೇ ಕೇಳುವುದು.
ಕೈಯಲ್ಲಿದ್ದ ಕೆಂಪನ್ನು ಅಳತೆಪಟ್ಟಿಗೆ ಹಿಡಿದು
ಸಿಕ್ಸ್ಟಿ ಅಂದೆ. ಸೆಂಟಿಮೀಟರ್, ಮೇಡಮ್.

ಮ್ಯಾನೇಜರು ಕಿಸಕ್ಕೆಂದರು.
ಶಶಿರೇಖಾ ಹಣೆ ಚಚ್ಚಿಕೊಂಡಳು.
ಆ ಹೆಂಗಸು ಹೂವು ಇಸಿದುಕೊಂಡು ತಾನೂ ಪಟ್ಟಿಗಿಟ್ಟು ನೋಡಿ
ಯೆಸ್ ಅಂದಳು, ಸಿಕ್ಸ್ಟಿ.
ಮುಂದಿನ ಮೇಜಿಗೆ ಹೋದಳು.

ಇಲ್ಲಿ ಎಷ್ಟು ಕಾಲದಿಂದ ಇದ್ದೀಯ ಅಂತ ಕೇಳಿದ್ದಂತೆ.
ಕಡ್ಡಿಗೂ ಕಾಲಕ್ಕೂ ಒಂದೇ ಪದವಾ?
ಒಂದೇ, ಅಂದಳು ಶಶಿರೇಖಾ,
ತಾನೇ ತಪ್ಪು ಮಾಡಿದವಳ ಹಾಗೆ.

ವ್ಯಾನಿನಲ್ಲಿ ಎಲ್ಲರೂ ಸಿಕ್ಸ್ಟಿ ಸಿಕ್ಸ್ಟಿ ಅಂತ ಕರೆದರು.
ನಾನೂ ನಕ್ಕೆ. ತಳಿ ಸಂತೆಯವರೆಗೂ ನಕ್ಕೆ.
ಲೆಕ್ಕ ಮಾತ್ರ ಒಳಗೆ ನಡೆದೇ ಇತ್ತು:
ಸೇರಿದಾಗ ಮಗಳು ಹೊಟ್ಟೆಯಲ್ಲಿದ್ದಳು.

ಮನೆಯಲ್ಲಿ ಶೆಡ್ಡಿನದೇ ಒಂದು ಹಳೇ ಪಟ್ಟಿ ಇದೆ, ಮೇಲ್ತುದಿ ಮುರಿದದ್ದು.
ಅವಳನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿದೆ.
ಅರವತ್ತು. ಮತ್ತೆ ಅರವತ್ತು. ಮೇಲೆ ಹದಿನೆಂಟು.
ಇಷ್ಟು ಲಾಂಗ್, ಮೇಡಮ್.

ಯಾರಮ್ಮ ಮೇಡಮ್ಮು, ಅಂತ ತಿರುಗಿದಳು.
ಅಲ್ಲಾಡಬೇಡ ನಿಲ್ಲೇ, ಅಂದೆ.
ಅದನ್ನು ಇಂಗ್ಲಿಷಿನಲ್ಲಿ ಹೇಳು, ಅಂದಳು.