ಪಟ್ಟಿಯಲ್ಲಿ ಇಲ್ಲದವನು

ಕೂತುಕೋ ಲೊವ್ರಿ. ಆ ಕುರ್ಚಿ ಬೇಡ, ಅದರ ಕಾಲು ಸಡಿಲ.
ಕೆಳಗೆ ಬೇಕರಿಯವನು ಎರಡನೇ ಒಲೆ ಹಚ್ಚಿದ್ದಾನೆ,
ಇನ್ನರ್ಧ ಗಂಟೆಗೆ ಇಲ್ಲಿಯ ಕಾನೂನು ಪುಸ್ತಕಗಳೂ
ಬಿಸಿ ಬ್ರೆಡ್ಡಿನ ವಾಸನೆ ಬೀರುತ್ತವೆ.
ನಲವತ್ತೊಂದು ವರ್ಷದಿಂದ ನನಗೆ ಹಸಿವಾಗುವುದು
ಬೇರೆಯವರ ಮನೆಪತ್ರ ಓದುವಾಗಲೇ.

ಬ್ಯಾಂಕಿನ ಕಾಗದ ತಂದಿದ್ದೀಯ, ಕೊಡು.
ಹೌದು, ಸರಿಯಾಗೇ ಬರೆದಿದ್ದಾರೆ:
ಎಮ್ರಿಸ್ ಪ್ರೊಬರ್ಟ್, ಸಾಲಿಸಿಟರ್,
ನಮ್ಮ ಪಟ್ಟಿಯಲ್ಲಿ ಇಲ್ಲ.
ಕೋಪ ಬೇಡ, ನನಗಿದು ಮೂರು ವರ್ಷದ ಹಳೇ ಸುದ್ದಿ.
ಕಳ್ಳನೆಂದಲ್ಲ, ಒಬ್ಬನೇ ಎಂದು.
ಕನಿಷ್ಠ ಇಬ್ಬರು ಪಾಲುದಾರರು ಬೇಕಂತೆ,
ಒಂಟೆತ್ತಿನ ಗಾಡಿಗೆ ಅವರು ಹೇರು ಹಾಕುವುದಿಲ್ಲ.
ಟೈಪ್ ಮಾಡುತ್ತಿದ್ದ ಮಿಸೆಸ್ ಬೇನನ್‌ಳನ್ನು ಎಣಿಸಿದ್ದರೆ
ನಾವು ಒಂದೂಮುಕ್ಕಾಲು ಜನ ಇದ್ದೆವು.
ಆ ಮುಕ್ಕಾಲು ನಾನು.

ನಿನ್ನಮ್ಮನ ವಿಚ್ಛೇದನ ಮಾಡಿಸಿದವನು, ತಾತನ ಉಯಿಲು ಬರೆದವನು,
ನಿನ್ನ ಮನೆಗೆ ಮಾತ್ರ ಆಗಿಬರುವುದಿಲ್ಲ.
ಹಟ ಹಿಡಿದರೆ ಆದೀತು. ಆಗ ಬ್ಯಾಂಕು ತನಗೊಬ್ಬ ಬೇರೆ ವಕೀಲನನ್ನಿಟ್ಟು
ಅವನ ಫೀಸನ್ನೂ ನಿನ್ನ ತಲೆಗೇ ಕಟ್ಟುತ್ತದೆ.
ದಿನಕ್ಕೆ ಹದಿನಾಲ್ಕು ಸಲ ಬೆಟ್ಟ ಹತ್ತಿಸಿ ಇಳಿಸಿ
ಬಸ್ಸು ಓಡಿಸಿ ಕೂಡಿಟ್ಟ ದುಡ್ಡು ಅದು.

ಪಟ್ಟಿ ನೋಡೋಣ. ಕನ್ನಡಕ ಎಲ್ಲಿ?
ಇವರು ಏಜೆಂಟ್ ಹುಡುಗ ಹೇಳಿದವರು ತಾನೇ?
ಹುಡುಗ ಒಳ್ಳೆಯವನು, ನಗು ಚೆನ್ನಾಗಿದೆ,
ಆ ನಗುವಿಗೆ ಅವರು ತಲೆಗಿಷ್ಟೆಂದು ಕೊಡುತ್ತಾರೆ.
ಎಷ್ಟು ಅಂತ ಕೇಳು, ಮುಖ ನೋಡು.
ಇವರು ಅಗ್ಗ. ಬೋರ್ಡಿನ ಮೇಲೆ ಅಗ್ಗ.
ಆಮೇಲೆ ಹಣ ಕಳಿಸಿದ್ದಕ್ಕಿಷ್ಟು, ಕಾಗದ ಮಡಚಿದ್ದಕ್ಕಿಷ್ಟು,
ಫೋನು ಎತ್ತಿದ್ದಕ್ಕೆ... ಇಲ್ಲ, ಅದನ್ನವರು ಎತ್ತುವುದಿಲ್ಲ.

ಇವಳು? ಪೊಂಟಿಪ್ರಿದ್ದಿನ ಹೆಲೆಡ್ ಬಸೀನಿ.
ಇವಳಜ್ಜ ನಮ್ಮ ಶಾಲೆಯ ಮುಂದೆ ಐಸ್‌ಕ್ರೀಮ್ ಮಾರುತ್ತಿದ್ದ.
ಒಮ್ಮೆ ಎದುರು ಪಕ್ಷಕ್ಕಿದ್ದಳು, ನನ್ನದೇ ತಪ್ಪು ಹಿಡಿದಳು.
ಹಿಡಿದು, ಪತ್ರದಲ್ಲಿ ಬರೆಯದೆ
ಸಂಜೆ ಐದೂವರೆಗೆ ಫೋನು ಮಾಡಿ ಹೇಳಿದಳು.
ಇವಳ ಹತ್ತಿರ ಹೋಗು.

ಒಂದು ಮಾತು. ಅವಳು ನಿನಗೂ ವಕೀಲೆ, ಬ್ಯಾಂಕಿಗೂ ವಕೀಲೆ.
ಎರಡು ದೋಣಿಯಲ್ಲಿ ಕಾಲಿಟ್ಟು ಮುಳುಗದಿರುವುದೇ ಈಗಿನ ಕಸುಬು.
ಸೋದರತ್ತೆ ಕೊಟ್ಟ ಆರು ಸಾವಿರವನ್ನು
ಉಳಿತಾಯ ಅನ್ನಬೇಡ, ಅತ್ತೆ ಕೊಟ್ಟದ್ದು ಅನ್ನು.
ಮುದುಕಿ ಒಂದು ಕಾಗದಕ್ಕೆ ಸಹಿ ಹಾಕಬೇಕಾಗುತ್ತದೆ:
ಈ ಹಣ ವಾಪಸು ಕೇಳೆನು, ಆ ಮನೆಯಲ್ಲಿ ನನಗೆ ಪಾಲಿಲ್ಲ.
ಮುಖ ಚಿಕ್ಕದು ಮಾಡಿಕೊಂಡರೆ ಹೇಳು,
ಪಾಲಿಲ್ಲ ಅಂತ ಇದೆ, ಚಹಾ ಇಲ್ಲ ಅಂತ ಇಲ್ಲ.

ಫೀಸು ಎಷ್ಟೆಂದಳು.
ಕೆಳಗಿನಿಂದ ಒಂದು ಬನ್ನು ಅಂದೆ.
ಎರಡು ತಂದಳು.

*

ಏಳು ವಾರದ ಮೇಲೆ ಹೆಲೆಡ್ ಬಸೀನಿಯ ಫೋನು.
ಬ್ರಿನ್ ಸ್ಟ್ರೀಟ್, ಹತ್ತೊಂಬತ್ತನೇ ನಂಬರು,
ಹಳೇ ಕ್ರಯಪತ್ರಕ್ಕೆ ಪಿನ್ನು ಚುಚ್ಚಿದ ಚೀಟಿ,
ಎಂಬತ್ತೆಂಟನೇ ಇಸವಿ, ನನ್ನ ಕೈಬರಹ.
"ಓದಲಾಗುತ್ತಿಲ್ಲ ಮಿಸ್ಟರ್ ಪ್ರೊಬರ್ಟ್.
ಇದು ಹಿಂದಿನ ಗೋಡೆಯೋ, ಹಿಂದಿನವರ ಗೋಡೆಯೋ?"

ಎರಡಕ್ಷರ. ಅಷ್ಟರಲ್ಲಿ ಒಂದು ಕಲ್ಲಿದ್ದಲ ಕೋಣೆ
ಲೊವ್ರಿಯದಾಗುತ್ತದೆ, ಇಲ್ಲವೇ ಆಗುವುದಿಲ್ಲ.
ಬರೆದ ಕೈ ಇಲ್ಲೇ ಮೇಜಿನ ಮೇಲಿದೆ,
ಏನು ಬರೆದೆನೆಂದು ಅದಕ್ಕೂ ಗೊತ್ತಿಲ್ಲ.
"ಕೇಳುತ್ತಿರುವುದು ಬ್ಯಾಂಕೋ, ಲೊವ್ರಿಯೋ?"
"ಇಬ್ಬರೂ," ಅಂದಳು.

ಕೋಟು ಹಾಕಿಕೊಂಡೆ, ಜೇಬಿಗೆ ಅಳತೆ ಟೇಪು.
ಸ್ಟಾಪಿನಲ್ಲಿ ತುಂತುರು, ಒದ್ದೆ ನಾಯಿ, ಪ್ರಾಮಿನಲ್ಲೊಂದು ಅಳುವ ಕೂಸು.
ಬಂದ ಬಸ್ಸಿನ ಚಕ್ರದ ಹಿಂದೆ ಅವಳೇ.
ನನ್ನ ಮುದಿಪಾಸನ್ನು ಯಂತ್ರ ಮೊದಲು ಬೇಡವೆಂದಿತು,
ಕೋಟಿನ ತೋಳಿಗೆ ಉಜ್ಜಿ ಮತ್ತೆ ಹಿಡಿದೆ,
ಕಿಣ್ಣೆಂದು ಒಪ್ಪಿತು.

"ಎಲ್ಲಿಗೆ?" ಅಂದಳು. ಹಿಂದಿನವರು ಕಾಯುತ್ತಿದ್ದರು.
"ನಿನ್ನ ಮನೆಗೆ."
"ಇನ್ನೂ ನನ್ನದಾಗಿಲ್ಲ," ಅಂದು
ಬಾಗಿಲು ಮುಚ್ಚಿದಳು.