ಅಸ್ಪಷ್ಟ

ನನ್ನ ಕೆಲಸ ಕೇಳುವುದು.
ಕೊಟ್ಟಾರದಲ್ಲಿ ಮೂರನೇ ಮಾಳಿಗೆ, ಕಿವಿಗೆರಡು ಕಪ್ಪು ಚಿಪ್ಪು,
ರಾತ್ರಿ ಬೇರೆಯವರು ಆಡಿ ಮುಗಿಸಿದ ಮಾತನ್ನು
ಬೆಳಿಗ್ಗೆ ಕೂತು ತೂಗುವುದು.
ನಗು ಸಾಕಾಯಿತಾ, ಕ್ಷಮೆ ಎರಡು ಸಲ ಬಂತಾ,
ತಾಯ್ನುಡಿಯ ಪ್ರಭಾವ ಇದೆಯೋ ಇಲ್ಲವೋ.
ಅದಕ್ಕೊಂದು ಚೌಕ, ಹತ್ತು ಅಂಕ.

‘ಸಿಂಪ್ಲಿ ಕಾಲ್ ಮಾಡಿದೆ’ ಅನ್ನಬಾರದು,
ವಾಕ್ಯದ ಬಾಲಕ್ಕೆ ‘ಆ?’ ಕಟ್ಟಬಾರದು
ಎಂದು ಕಲಿಸಿದವನೂ ನಾನೇ.
ನನ್ನಮ್ಮನೋ, ಬಿಜೈ ಮಾರ್ಕೆಟ್ಟಿನಲ್ಲಿ ಬೂತಾಯಿ ಬುಟ್ಟಿಯ ಮುಂದೆ
‘ವಾಟ್ ಮೆನ್, ಸೋ ಮಚ್ ಆ?’ ಎಂದು
ಇಂಗ್ಲಿಷಿನಲ್ಲೇ ಚೌಕಾಸಿ ಮಾಡಿ ಗೆದ್ದವಳು.

ಇವತ್ತಿನದು ಹರ್ಷಲಾ ಕರ್ಕೇರ ತೆಗೆದ ಕರೆ.
ಬೆಂಗ್ರೆಯ ಹುಡುಗಿ; ಪಾಳಿ ಮುಗಿದರೂ ಮೊದಲ ದೋಣಿಯ ತನಕ
ಕ್ಯಾಂಟೀನಿನ ಬೆಂಚಿಗೆ ಒರಗಿರುವವಳು.
ಆ ಕಡೆ ಒಬ್ಬ ಅಜ್ಜಿ, ಲ್ಯಾಂಕಷೈರಿನ ಯಾವುದೋ ಗುಡ್ಡದ ಬುಡ,
ಕರೆಂಟು ಬಿಲ್ಲು ಮೂರು ಪಟ್ಟು.
ನೌಟ್ ಅನ್ನುತ್ತಾಳೆ, ಏನೂ ಇಲ್ಲ ಎನ್ನಲು,
ಸಮಟ್ ಅನ್ನುತ್ತಾಳೆ, ಏನೋ ಇದೆ ಎನ್ನಲು.
ನಮ್ಮ ಇಸ್ತ್ರಿ ಹಾಕಿದ ಪಾಠದ ಪಕ್ಕ ಅವಳ ಇಂಗ್ಲಿಷು
ಒಲೆ ಮುಂದೆ ಹರವಿದ ಒದ್ದೆ ಕಂಬಳಿ:
ಭಾರ, ಕಮಟು, ಬೆಚ್ಚಗೆ.

‘ನಾನು ಉರಿಸಿದ್ದಲ್ಲ ಮಗಾ.
ಬಾಯ್ಲರಿನಲ್ಲಿ ಬಾಗರ್ಟ್ ಸೇರಿಕೊಂಡಿದೆ.
ಹಳೇ ಮನೆಯಿಂದ ಪಾತ್ರೆಪಗಡೆಯ ಜೊತೆ ಬಂತು,
ನಾವು ಬಿಟ್ಟರೂ ಅದು ಬಿಡಲಿಲ್ಲ.’
ಯಂತ್ರ ಬರೆದುಕೊಂಡದ್ದು:
ಬಾಯ್ಲರಿನಲ್ಲಿ (ಅಸ್ಪಷ್ಟ) ಸೇರಿಕೊಂಡಿದೆ.

ಈ ಜಾಗದಲ್ಲಿ ಹೇಳಬೇಕಾದ ಸಾಲು ಉಂಟು,
ತೊಂದರೆಗೆ ವಿಷಾದಿಸುವ ಸಾಲು.
ಹದಿನಾಲ್ಕು ಸೆಕೆಂಡು ಹರ್ಷಲಾ ಸುಮ್ಮನೆ.
ಹಿಂದೆ ಯಾರದೋ ಕೀಲಿಮಣೆ, ಏಸಿಯ ಗೊರಕೆ.
ಆಮೇಲೆ, ನಾನು ಕಲಿಸದ ಇಂಗ್ಲಿಷಿನಲ್ಲಿ,
ಹಲ್ಲಿಗೆ ಬೆಂಗ್ರೆಯ ಮರಳು ತಾಗುವ ಹಾಗೆ:
‘ಯೂ ಗೇವ್ ಇಟ್ ಸಮ್‌ಥಿಂಗ್ ಟು ಈಟ್ ಆ, ಅಮ್ಮಾ?’

ಉಸಿರು. ಎಲ್ಲೋ ಒಂದು ಗಡಿಯಾರ.
‘ನಮ್ಮಮ್ಮ ಇಡ್ತಿದ್ದಳು, ಮೆಟ್ಟಿಲ ಮೇಲೆ ಒಂದು ಬಟ್ಟಲು ಕೆನೆ.
ನನ್ನ ಗಂಡ ನಕ್ಕ. ಬಿಟ್ಟುಬಿಟ್ಟೆ.’

ನಮ್ಮಲ್ಲಿ ಕುಲೆ, ಎಂದಳು ಹರ್ಷಲಾ.
ಹಾಗೆಂದರೇನೆಂದು ಇವಳು ಹೇಳಲಿಲ್ಲ,
ಅವಳು ಕೇಳಲಿಲ್ಲ.
ಎಲೆ ಹಾಕಿ, ಅನ್ನ, ಮೀನಿನ ಗಸಿ,
ಬದುಕಿದ್ದಾಗ ಸೇದುತ್ತಿದ್ದರೆ ಒಂದು ಬೀಡಿ,
ದೀಪ ಇಟ್ಟು, ಬಾಗಿಲು ಓರೆ ಮಾಡಿ, ಹೊರಗೆ ಕೂರುವುದು.
ತಿರುಗಿ ಒಳಗೆ ಹೋಗುವ ಮುಂಚೆ ಒಮ್ಮೆ ಕೆಮ್ಮಬೇಕು.
ಕೆಮ್ಮು ಯಾಕೆ ಲಾಸ್?
ಉಣ್ಣುವವರು ಗಾಬರಿ ಬೀಳಬಾರದಲ್ಲ.
ಅಜ್ಜಿ ನಕ್ಕದ್ದನ್ನು ಯಂತ್ರ ಗದ್ದಲ ಎಂದಿತು.
ಕುಲೆಯನ್ನು, (ಅಸ್ಪಷ್ಟ).

ಒಂದೇ ಪುಟ, ಎರಡು ಕಂಸ,
ಒಳಗೆ ಕೂತದ್ದು ಯಾವುದು ಯಾರ ಮನೆಯದೆಂದು
ಇನ್ನು ಯಾರೂ ಬಿಡಿಸಿ ಹೇಳಲಾರರು.

ಬಿಲ್ಲು ಹಾಗೇ ಉಳಿಯಿತು.
ಗುರುವಾರ ಮೀಟರ್ ನೋಡುವವರು ಬರುತ್ತಾರೆ;
ದೂರಿನ ಸಂಖ್ಯೆ ಸರಿಯಾಗಿ, ಎರಡು ಸಲ ಹೇಳಿದ್ದಾಳೆ.
ಅದಕ್ಕೆ ಪೂರ್ತಿ ಅಂಕ.

ನನಗೆ ಐದು ವರ್ಷ. ಬಾವಿಕಟ್ಟೆಗೆ ಬಗ್ಗಿದ್ದೆ.
ಅಡುಗೆಮನೆಯ ಕಿಟಕಿಯಿಂದ ಅಮ್ಮ:
‘ಡೋಂಟ್ ಗೋ ದೇರ್ ಮೆನ್, ದೆವ್ಚಾರ್ ಈಸ್ ಸಿಟ್ಟಿಂಗ್!’
ಇಡೀ ವಾಕ್ಯ ಹಡಗು ಹತ್ತಿ ಬಂದದ್ದು,
ದೆವ್ಚಾರ ಮಾತ್ರ ಬಾವಿಯಲ್ಲೇ ಇದ್ದವ.
ಸಿಟ್ಟಿಂಗ್ ಎಂದಳಲ್ಲ, ಅದಕ್ಕೇ ಹೆದರಿದ್ದು:
ಅವನಿಗೆ ಅವಸರವಿರಲಿಲ್ಲ.

ತಾಯ್ನುಡಿಯ ಪ್ರಭಾವ.
ಚೌಕದಲ್ಲಿ ಒಬ್ಬರಿಗಷ್ಟೇ ಜಾಗ,
ಕರೆಯಲ್ಲಿ ಇಬ್ಬರು, ಕೇಳಿದವ ಸೇರಿ ಮೂವರು.
ಬೆರಳು ತುಂಬ ಹೊತ್ತು ಗಾಳಿಯಲ್ಲಿತ್ತು.
ಕನ್ನಡದಲ್ಲೇ ಒತ್ತಿದೆ: ಉಂಟು.
ಯಂತ್ರ ಒಪ್ಪಿತೋ ಇಲ್ಲವೋ, ನೋಡಲಿಲ್ಲ.

ಮುಂದಿನ ಕರೆ ತೆರೆಯುವ ಮೊದಲು,
ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ,
ಒಮ್ಮೆ ಕೆಮ್ಮಿದೆ.