ಲಾಟ್ ಚೀಟಿ

ಸೋಮವಾರ, ಗುರುವಾರ ನಾ ಚೀಟಿ ಬರಿಯಾಕಿ.
ಅಂದಾನೆಪ್ಪನವರ ದಲಾಲಿ ಅಂಗಡಿ, ಬ್ಯಾಡಗಿ:
ಲಾಟ್ ನಂಬರ, ಚೀಲ ಎಷ್ಟು, ಡಬ್ಬಿಯೋ ಕಡ್ಡಿಯೋ,
ಯಾರ ಹೆಸರು, ಯಾವ ಊರು.
ಸಂಜಿತನಾ ಸೀನು. ಸೀನಿನ ನಡುವ ಅಂಕಿ.
ರಾತ್ರಿ ಉಂಡು, ಮಾಳಗಿ ಮ್ಯಾಲೆ ನೆಟ್‌ವರ್ಕ್ ಸಿಗೋ ಮೂಲ್ಯಾಗ
ನಾನಽ ಒಂದು ಚೀಟಿ ಆಗತೀನಿ.

'ಕಡ್ಡಿಖಾರ', ಲೆವೆಲ್ ಅರವತ್ತೊಂದು.
ಗಡ್ಡದ ಸಿಪಾಯಿ, ಹೆಗಲಿಗೆ ಬಂದೂಕು.
ಗಡ್ಡ ಪುಕ್ಕಟ ಸಿಕ್ಕಿತ್ತು, ಹಬ್ಬದ ಆಫರಿನ್ಯಾಗ;
ಹೆಣ್ಣಂತ ತಿಳಿದರ ಮೈಕಿನ್ಯಾಗ ಮಂದಿ ಬ್ಯಾರೇನಽ ಆಡತಾರ.
ತಲಿ ಮ್ಯಾಲೆ ಕಿರೀಟದ ಗುರುತು: ಖೋಲಿ ನಂದು,
ಯಾರು ಇರಬೇಕು, ಯಾರು ಹೋಗಬೇಕು
ನನ್ನ ಬೆರಳು ಹೇಳತೈತಿ.

ಆಟ ಶುರು ಆಗೂಕಿಂತ ಮೊದಲು ನಾಲ್ಕು ಮಂದಿ
ಸಾಲಾಗಿ ನಿಲ್ಲತೇವಿ, ಕಾಟಾದ ಮುಂದ ಚೀಲ ನಿಂತಂಗ.
ಎದಿ ಕೆಳಗ ಎಲ್ಲಾರದೂ ಲೆಕ್ಕ:
ಆಡಿದ್ದು, ಗೆದ್ದಿದ್ದು, ಹೊಡದದ್ದು, ಸತ್ತದ್ದು,
ಒಂದು ಸಾವಿಗೆ ಎಷ್ಟು ಕೊಲಿ ಅನ್ನೂದು
ಚುಕ್ಕಿ ಹಾಕಿ ಎರಡು ಅಂಕಿತನ.

ಆ ರಾತ್ರಿ ನಾಲ್ಕನೇದಾವ ಬಂದ.
ಹೆಸರು: ನಾಳೆ ಬಾ.
ನಕ್ಕೆ. ನಮ್ಮ ಹಿತ್ತಲ ಬಾಗಿಲಿಗೆ
ಅವ್ವ ಸುಣ್ಣದಾಗ ಬರದದ್ದು ಇನ್ನೂ ಐತಿ,
ದೆವ್ವ ಓದಿ ಹೊಳ್ಳಿ ಹೋಗಲಿ ಅಂತ.
ಆಡಿದ್ದು ಸಾವಿರದ ಒಂಬೈನೂರು. ಗೆದ್ದಿದ್ದು ಹನ್ನೊಂದು.
ಸಾವಿಗೆ ಅರ್ಧ ಕೊಲಿನೂ ಇಲ್ಲ.
'ತಗೀ ಅವನ್ನ' ಅಂದ ಗುಡುಗು-ನಲವತ್ನಾಲ್ಕು.
'ಹೊರೀ ಆಗತಾನ' ಅಂದ ರಟ್ಟೀಹಳ್ಳಿ ಹುಡುಗ.
ಅವನ ಮೈಕೂ ಚಾಲೂ ಇತ್ತು. ಅಲ್ಲೆಲ್ಲೋ ಮಿಕ್ಸರ್ ತಿರಗಾಕತ್ತಿತ್ತು,
ಒಂದು ಕೂಸು ಕೆಮ್ಮತಿತ್ತು.
ಏನೂ ಅನಲಿಲ್ಲ ಅವ.
ತಗದೆ.
ಆ ಜಾಗಾದಾಗ ಒಂದು ಪ್ಲಸ್ ಉಳೀತು.

ಗುರುವಾರ ಫಕ್ಕೀರವ್ವ ರಾಶಿ ಮುಂದ ಕುಂತಿದ್ದಳು.
ತೊಟ್ಟು ಮುರಿಯಾಕ ಬಂದು ಮೂವತ್ತು ವರ್ಷ, ಉಗುರೆಲ್ಲಾ ಕೆಂಪು.
ಚೀಟಿ ಓದಾಕ ಬರೂದಿಲ್ಲ ಆಕಿಗೆ.
ಮ್ಯಾಲಿಂದು ಮುಟ್ಟಲಿಲ್ಲ. ಮೊಣಕೈತನ ಕೈ ಒಳಗ ತುರುಕಿ
ನಡುವಿಂದು ಒಂದು ಹಿಡಿ ತಗದು, ಕಿವಿ ಹಂತ್ಯಾಕ ಒಯ್ದು ಅಳ್ಳಾಡಿಸಿ
ಬೀಜದ ಸಪ್ಪಳ ಕೇಳಿದಳು.
'ನೀ ಬರದದ್ದು ಬರೋಬ್ಬರಿ ಐತಿ ಬಿಡವಾ' ಅಂದಳು,
'ಖರೆ, ಇದು ಬ್ಯಾರೆ.'

ನನಗ ಯಾಕೋ ಆ ಮಿಕ್ಸರ್ ಸಪ್ಪಳ ನೆನಪಾತು.

ಊಟದ ಹೊತ್ತಿನ್ಯಾಗ, ಚೀಲದ ಮರಿಗೆ ಕುಂತು,
ಆ ಹೆಸರು ಹುಡುಕಿದೆ.
ಮೊದಲ ಪುಟ ಕಂಡದ್ದಽ. ಎರಡನೇದು ಟೊಪಗಿ, ಬೂಟು:
ಒಂದೂ ಕೊಂಡದ್ದಲ್ಲ, ಎಲ್ಲಾ ಪುಕ್ಕಟಿವು.
ಮೂರನೇ ಪುಟಕ್ಕ ಯಾರೂ ಹೋಗೂದಿಲ್ಲ. ನಾನೂ ಹೋಗಿದ್ದಿಲ್ಲ.
ಕಟ್ಟಕಡೀಕ, ಬೂದಿ ಬಣ್ಣದ ಸಣ್ಣ ಅಕ್ಷರದಾಗ:
ಬಿದ್ದವರನ್ನ ಎಬ್ಬಿಸಿದ್ದು,
ನಾಲ್ಕು ಸಾವಿರದ ಎಂಟನೂರಾ ಎಪ್ಪತ್ತು.

ಎಬ್ಬಿಸಬೇಕಂದ್ರ ಹತ್ತು ಸೆಕೆಂಡು ಮೊಣಕಾಲೂರಿ ಕೂಡಬೇಕು.
ಬಂದೂಕು ಕೆಳಗ. ಬೆನ್ನು ಬಯಲಿಗೆ.
ಹೊಡಿಯಾವ್ರಿಗೆ ಅದರಕಿಂತ ಚಲೋ ಗುರಿ ಯಾವುದೈತಿ?
ನನ್ನ ಮೂರನೇ ಪುಟ ತಗದೆ. ಮುನ್ನೂರಾ ಹದಿನಾರು.
ನನ್ನನ್ನ ಯಾರ್‍ಯಾರು ಎಷ್ಟು ಸಲ ಎಬ್ಬಿಸ್ಯಾರ ಅನ್ನೂದಕ್ಕ
ಕಾಲಮ್ಮಽ ಇಲ್ಲ.

ರಾತ್ರಿ ಗುಡುಗಿಗೆ ಹೇಳಲಿಲ್ಲ, ರಟ್ಟೀಹಳ್ಳಿಯವಗೂ ಹೇಳಲಿಲ್ಲ.
ನಾಲ್ಕನೇ ಜಾಗಾ ಖಾಲಿ ಬಿಟ್ಟು ಕರೆ ಕಳಿಸಿದೆ.
ಹಸರು ಚುಕ್ಕಿ: ಇನ್ನ್ಯಾರದೋ ಖೋಲ್ಯಾಗ ಅದಾನ.
ಅವನೋ, ಆಕಿನೋ; ನನ್ನ ಗಡ್ಡದಂಗ ಅದೂ ಯಾರಿಗ್ಗೊತ್ತು.
ಯಾರದೋ ಪಕ್ಕ ಮೊಣಕಾಲೂರಿರಬೇಕು,
ಇಲ್ಲಾ, ಅಲ್ಲಿಂದನೂ ತಗಿಯಾಕತ್ತಿರಬೇಕು.
ಗಾಳಿಗೆ ಕೋಲ್ಡ್ ಸ್ಟೋರೇಜಿನ ಘಾಟು ಬಂತು. ಸೀನಿದೆ.
ಪರದೆ ಮ್ಯಾಲೆ ಒಂದು ಗೋಲ ತಿರಗತಿತ್ತು,
ಅದರ ಕೆಳಗ, ಉತ್ತರ ಅಂತಲ್ಲ, ಬರೇ ಹೆಸರು:
ನಾಳೆ ಬಾ.